ತಾಳಿಕೋಟೆ ಕದನದ ಮಾದರಿ: ಹೊಳೆ ಆಯ್ತು, ತೋಪು ನಿಂತವು

ಈ ವಾರ ಕೃಷ್ಣೆಗೆ ಬಣ್ಣ ಬಿತ್ತು. ಥರ್ಮಾಕೋಲ್ ಕೊರೆದು, ಪಿಒಪಿ ಬಳಿದು, ಮೇಲೆ ತಿಳಿಹಸಿರು. ವಿಜಯನಗರಕ್ಕೂ ದಖ್ಖನಿನ ನಾಲ್ಕು ಸುಲ್ತಾನರಿಗೂ ಕದನ ನಡೆದದ್ದು 1565ರ ಜನವರಿ 23ಕ್ಕೆ. ಆಗ ಮಳೆಗಾಲದ ಕೆಂಪು ನೀರು ಎಲ್ಲಿಂದ ಬರಬೇಕು?

ಮಾದರಿ ನೋಡಲು ಬಂದವರೆಲ್ಲ ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯನ ತಲೆ ಕಡಿದ ಜಾಗ ಕೇಳ್ತಾರೆ. ನಾನು ಹೆಚ್ಚು ಹೊತ್ತು ಕೂತದ್ದು ಹೊಳೆದಂಡೆಯ ಮೇಲೆ. ಇತಿಹಾಸಕಾರ ಫಿರಿಶ್ತಾ ಬರೆದಂತೆ, ದಾಟುವ ಜಾಗವನ್ನು ವಿಜಯನಗರದವರು ಬಿಗಿಯಾಗಿ ಕಾಯ್ತಿದ್ದರು. ಸುಲ್ತಾನರು ಬೇರೆ ಕಡೆ ದಾಟುವವರ ಹಾಗೆ ದಂಡೆಗುಂಟ ನಡೆದರು. ಆಚೆ ದಂಡೆಯವರು ಕಾವಲು ಬಿಟ್ಟು ಬೆನ್ನತ್ತಿದರು. ಇವರು ರಾತ್ರಿ ತಿರುಗಿ ಬಂದು ಅದೇ ಜಾಗದಲ್ಲಿ ದಾಟಿಬಿಟ್ಟರು. ಇದನ್ನು ತೋರಿಸಲು ಎರಡು ಬಣ್ಣದ ದಾರ ಅಂಟಿಸಿದ್ದೇನೆ.

ಸುಲ್ತಾನರ ತೋಪುಗಳು, ಅಂದ್ರೆ ಫಿರಂಗಿಗಳು, ಮೂರು ಸಾಲು, ದೊಡ್ಡವು ಮುಂದೆ, ಸರಪಳಿಯಿಂದ ಒಂದಕ್ಕೊಂದು ಬಿಗಿದವು. ಅವುಗಳ ಮುಂದೆ ಬಿಲ್ಲುಗಾರರು, ತೋಪು ಕಾಣದ ಹಾಗೆ. ಶತ್ರು ಹತ್ತಿರ ಬಂದಾಗ ಬಿಲ್ಲುಗಾರರು ಹಿಂದೆ ಸರಿದರು. ಕೊನೆಗೆ ತಾಮ್ರದ ದುಡ್ಡನ್ನೇ ತುಂಬಿ ಹಾರಿಸಿದರಂತೆ. ನಮ್ಮೂರು ವಿಜಯಪುರದ ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ ತೋಪೂ ಅಲ್ಲಿತ್ತು ಅನ್ನೋ ಮಾತಿದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. 1:72 ಅಳತೆಗೆ ಅದು ಆರು ಸೆಂಟಿಮೀಟರ್ ಚಿಲ್ಲರೆ ಬರುತ್ತೆ. ಬಾಯಿಯ ಸಿಂಹ, ಅದರ ದವಡೆಗೆ ಸಿಕ್ಕ ಆನೆ, ಎರಡನ್ನೂ ಎಂ-ಸೀಲ್‌ನಲ್ಲಿ ಸೂಜಿಯಿಂದ ಕೆತ್ತಿದೆ. ಆನೆ ಹಂದಿಯಂತೆ ಕಾಣ್ತದೆ, ಇರಲಿ.

ವಿಜಯನಗರದ ಸಾಲು ಜೋಡಿಸುವಾಗ ನನ್ನ ತಂಗಿಯ ಮಗ ಕೇಳಿದ: "ಮಾಮಾ, ರಾಜಾ ಯಾಕ ಕುದುರಿ ಏರಿಲ್ಲ?"

"ಮುಪ್ಪಾಗಿತ್ತೋ, ಪಲ್ಲಕ್ಕ್ಯಾಗ ಕುಂತಾನ."

"ಅವಾ ಬಿದ್ದರ ಮುಂದ ಯಾರು?"

ಎಡಬಲಕ್ಕೆ ತಮ್ಮಂದಿರು, ತಿರುಮಲ ಮತ್ತು ವೆಂಕಟಾದ್ರಿ, ನಿಂತಿದ್ದರು. ಆದರೂ ನಡುವೆ ಪಲ್ಲಕ್ಕಿ ಉರುಳಿದ್ದೇ ತಡ, ಇಡೀ ದಂಡು ಚದುರಿತು. ದ್ರೋಹದಿಂದ ಸೋತರು ಅನ್ನೋರು ಬಹಳ ಮಂದಿ. ನನಗೆ ಹುಡುಗನ ಪ್ರಶ್ನೆಯೇ ದೊಡ್ಡದು ಅನಿಸ್ತದೆ. ಎದುರಿಗೆ ನಾಲ್ಕು ಸುಲ್ತಾನರು, ನಾಲ್ಕು ನಿಶಾನೆ. ಅವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದವನೇ ರಾಮರಾಯ. ಅವರು ಅಹಮದನಗರದ ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿಯನ್ನು ವಿಜಾಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟು ಬೀಗರಾದಾಗಲೇ ಇವನ ಆಟ ಮುಗಿದಿತ್ತು.

ಇನ್ನು ಪಲ್ಲಕ್ಕಿ ಮೇಲೆ ನುಗ್ಗುವ ಆನೆ ಮಾಡಬೇಕು. ಅಂಗಡಿಯ ಪ್ಲಾಸ್ಟಿಕ್ ಆನೆಗಳು ಅಳತೆಗೆ ದೊಡ್ಡವು. ಮುದ್ದೇಬಿಹಾಳದ ಕಡೆಯವರು ಯಾರಾದರೂ ತಂಗಡಗಿಯ ಹೊಳೆದಂಡೆ ಮಣ್ಣಿನ ಫೋಟೊ, ಬಿಸಿಲಲ್ಲಿ ತೆಗೆದದ್ದು, ಕಳಿಸಿದರೆ ದಂಡೆಗೂ ಬಣ್ಣ ಹಚ್ಚಿ ಮುಗಿಸ್ತೇನೆ.