ಅಪ್ಪನೇ ಕಂಟ್ರಾಕ್ಟರ್ ಆಗಿರುವಾಗ ನಿನಗೇನು ಕೆಲಸ?

ಕಾರವಾರದಲ್ಲಿ ಅಪ್ಪನ ಕಟ್ಟಡದ ವ್ಯವಹಾರಕ್ಕೆ ಆರ್ಕಿಟೆಕ್ಟ್ ಆಗಿ ಸೇರಿಕೊಂಡಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಬ್ಯಾಂಕಿರಲಿ, ಮೀನುಪೇಟೆಯಿರಲಿ, ಸಿಕ್ಕವರೆಲ್ಲ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಉತ್ತರಿಸಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಕೇಳುವ ಧಾಟಿಯೇ ನನಗೆ ಸಹಿಸಲಾಗದ್ದು. ಅಂಕೋಲೆಯಲ್ಲಿ ಮದುವೆಯೊಂದರ ಊಟದ ಪಂಕ್ತಿಯಲ್ಲಿ ದೂರದ ಮಾವನೊಬ್ಬರು, "ಅಪ್ಪ ಕಟ್ಟೂದು, ನೀನು ಬಣ್ಣ ಆರಿಸೂದು, ಹೌದಲ್ಲ ತಂಗಿ?" ಎಂದಾಗ, ಪಾಯಸ ಬಡಿಸುತ್ತಿದ್ದವರು ಕೂಡ ಸೌಟು ಎತ್ತಿ ಹಿಡಿದು ನನ್ನ ಉತ್ತರಕ್ಕೆ ಕಾದು ನಿಂತರು. ಬಣ್ಣ ಆರಿಸಲು ಐದು ವರ್ಷದ ಪದವಿ ಬೇಕಿಲ್ಲ, ಮಾವ. 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಳ್ಳದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ, ಮತ್ತು ಆ ನೋಂದಣಿ ಅಪ್ಪನ ಹೆಸರು ಹೇಳಿದರೆ ಸಿಗುವಂಥದ್ದಲ್ಲ. ಕೆಲಸಕ್ಕಾಗಿ ಅಲೆಯುವುದು ನನಗೆ ತಪ್ಪಿತು ಎಂಬುದು ಮಾತ್ರ ನಿಜ.

ಕೇಳಲೇಬೇಕೆಂದಿದ್ದರೆ, ಅಪ್ಪನಿಗೂ ನನಗೂ ಹೊಂದದಿದ್ದಾಗ ಯಾರ ಮಾತು ನಡೆಯುತ್ತದೆ ಎಂದು ಕೇಳಿ.

ಅದು ಇತ್ಯರ್ಥವಾದದ್ದು ಕೋಡಿಬಾಗದ ಮನೆಯೊಂದರ ಕೆಲಸದಲ್ಲಿ. ಸ್ಟ್ರಕ್ಚರಲ್ ಎಂಜಿನಿಯರರ ನಕ್ಷೆಯಲ್ಲಿ ಬೀಮಿನ ಕಂಬಿಗೆ 45 ಮಿ.ಮೀ. ಕವರ್, ಅಂದರೆ ಕಂಬಿಯ ಹೊರಗೆ ಅಷ್ಟು ದಪ್ಪದ ಕಾಂಕ್ರೀಟ್, ಇತ್ತು; ಆ ಅಂತರ ಕಾಯಲು ಕಂಬಿಗೆ ಕೊಡುವ ಕವರ್ ಬ್ಲಾಕ್ ಸೈಟಿಗೆ ಬಂದದ್ದು 25 ಮಿ.ಮೀ.ನದು. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿಯುತ್ತಾ ಕಂಬಿಯನ್ನು ಮುಟ್ಟಿತೆಂದರೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ಉಬ್ಬಿ ಬೀಮನ್ನು ಒಳಗಿನಿಂದಲೇ ಸೀಳುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456:2000 ಕರಾವಳಿಯ ವಾತಾವರಣವನ್ನು ತೀವ್ರ ವರ್ಗಕ್ಕೆ ಸೇರಿಸಿ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟನ್ನೂ 45 ಮಿ.ಮೀ. ಕವರನ್ನೂ ಕೇಳುವುದು ಇದೇ ಕಾರಣಕ್ಕೆ. ಕಂಬಿ ಒಳಗೆ ಸರಿದಷ್ಟೂ ಬೀಮಿನ ಬಲ ಕುಗ್ಗುತ್ತದೆ ಎಂಬುದು ಅಪ್ಪನ ಆಕ್ಷೇಪ. ಅದರಲ್ಲಿ ಹುರುಳಿತ್ತು. ಆದರೆ ಎಂಜಿನಿಯರರು ಅದನ್ನು ಲೆಕ್ಕಕ್ಕೆ ಹಿಡಿದೇ ಬೀಮಿನ ಆಳವನ್ನು ಹೆಚ್ಚಿಸಿದ್ದರು. ಸಿಮೆಂಟ್ ಚೀಲಗಳ ಮೇಲೆ ನಕ್ಷೆ ಹರಡಿ, ಮೇಸ್ತ್ರಿಯ ಎದುರಿನಲ್ಲೇ ಆ ಲೆಕ್ಕವನ್ನು ಅಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು, ಮಾತಾಡದೆ ಅಂದಿನ ಕಾಂಕ್ರೀಟನ್ನು ನಿಲ್ಲಿಸಿದರು. ಬಂದ ಆಳುಗಳ ಕೂಲಿ ನಮ್ಮ ಮೈಮೇಲೆ ಬಂತು. ಮೂವತ್ತು ವರ್ಷದ ಅನುಭವಸ್ಥ ತನ್ನ ಆಳುಗಳ ಮುಂದೆ ಮಗಳ ಮಾತಿಗೆ ಒಪ್ಪುವುದು ಸುಲಭವಲ್ಲ ಎಂಬುದನ್ನು ನಾನು ಬಲ್ಲೆ.

ಅವರ ಮಾತೇ ಕೊನೆಯಾದ ವಿಷಯಗಳೂ ಇವೆ. ಲಾರಿಯಿಂದ ಇಳಿದ ಚಿರೆಕಲ್ಲನ್ನು ಕತ್ತಿಯ ಹಿಂಬದಿಯಿಂದ ಕುಟ್ಟಿ, ಸದ್ದು ಕೇಳಿಯೇ ಮೆದುಕಲ್ಲನ್ನು ಬೇರೆಯಿಡುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಅವರ ಪಕ್ಕದಲ್ಲಿ ನಿಂತು.

ಈಗ ನಾನು ಕಂಬಿ ನೋಡಿ ಸಹಿ ಹಾಕದೆ ನಮ್ಮ ಸೈಟಿನಲ್ಲಿ ಕಾಂಕ್ರೀಟ್ ಬೀಳುವುದಿಲ್ಲ, ಅಪ್ಪ ಒಪ್ಪದ ಕಲ್ಲು ಗೋಡೆ ಏರುವುದಿಲ್ಲ. ವಿನ್ಯಾಸದ ಶುಲ್ಕಕ್ಕೆ ಪ್ರತ್ಯೇಕ ಬಿಲ್ ಇದೆ, ಅದು ನನ್ನ ಹೆಸರಿನಲ್ಲೇ ಹೋಗುತ್ತದೆ.