ಗಿರವಿ ಇಟ್ಟ ಸರ್ಟಿಫಿಕೇಟು

"ಬಂಗಾರ ಗಿರವಿ ಇಟ್ರ ಚೀಟಿ ಆದ್ರೂ ಕೊಡ್ತಾರ್ರೀ ಅಕ್ಕೋರೆ. ಇದಕ್ಕ ಚೀಟೀನೂ ಇಲ್ಲ."

ಮಂಗಳವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಆಡಿದವರು ಗುರುಮಠಕಲ್ ಕಡೆಯ ಒಬ್ಬ ರೈತರು. ಮಗಳು ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿದ ನರ್ಸ್. ಕಲಬುರಗಿಯ ನಮ್ಮ ಆಸ್ಪತ್ರೆಗೆ ಇಂಟರ್‌ವ್ಯೂಗೆ ಬಂದಿದ್ದಳು. ಸಿಬ್ಬಂದಿಯ ಫೈಲು ನೋಡಿಕೊಳ್ಳುವುದು ನನ್ನ ಕೆಲಸ. "ಒರಿಜಿನಲ್ ತೋರಿಸವ್ವ" ಅಂದೆ. ಹುಡುಗಿ ಅಪ್ಪನ ಮುಖ ನೋಡಿದಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್‌ವರೆಗೆ ಎಲ್ಲವೂ ಹಿಂದಿನ ಆಸ್ಪತ್ರೆಯ ಬೀರುವಿನಲ್ಲಿವೆ. ಬಿಡಿಸಿಕೊಳ್ಳಬೇಕಾದರೆ ಮೂರು ತಿಂಗಳ ಸಂಬಳ ಕಟ್ಟಬೇಕಂತೆ.

ಅವಳ ಕೈಯಲ್ಲಿದ್ದದ್ದು ಜೆರಾಕ್ಸಿನ ಜೆರಾಕ್ಸು. ಸೀಲು ಇದ್ದ ಜಾಗದಲ್ಲಿ ಕರೀ ಮಚ್ಚೆ, ಫೋಟೋದಲ್ಲಿ ಮುಖವೇ ಇಲ್ಲ. ಆಮೇಲೆ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದಳು. ಕೆಲಸಕ್ಕೆ ಸೇರುವ ದಿನ ಬೆಳಿಗ್ಗೆ ಎಲ್ಲ ಒರಿಜಿನಲ್‌ಗಳನ್ನು ಮಂಚದ ಮೇಲೆ ಸಾಲಾಗಿ ಹರಡಿ ತೆಗೆದದ್ದು. ಫ್ಯಾನಿನ ಗಾಳಿಗೆ ಹಾರದಂತೆ ಒಂದು ತುದಿಯನ್ನು ಒತ್ತಿ ಹಿಡಿದ ಕೈ ಕಾಣುತ್ತಿತ್ತು. ಹಸಿರು ಬಳೆ. "ಅವ್ವನ ಕೈರಿ" ಅಂದಳು. ಆ ಮನೆಯಲ್ಲಿ ಇಷ್ಟು ಓದಿದ ಮೊದಲ ಹೆಣ್ಣುಮಗಳು ಅವಳು.

ನಾನು ಆ ಆಸ್ಪತ್ರೆಯ ಎಚ್‌ಆರ್‌ಗೆ ಫೋನ್ ಮಾಡಿದೆ. "ಒರಿಜಿನಲ್ ಇಟ್ಕೊಳ್ಳಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ವಾರ್ಡ್ ಖಾಲಿ ಮೇಡಂ" ಅಂದರು. ಅವರು ಕೆಟ್ಟವರಲ್ಲ. ಅವರ ಕಷ್ಟ ನನಗೂ ಗೊತ್ತು. ಐಸಿಯುದಲ್ಲಿ ಆರು ತಿಂಗಳು ಕೆಲಸ ಕಲಿತ ಹುಡುಗಿಯರು ಹೈದರಾಬಾದಿಗೋ ಬೆಂಗಳೂರಿಗೋ ಹೊರಟುಬಿಡುತ್ತಾರೆ. ಆದರೆ ಅವರು ಹೋಗುವುದು ಸಂಬಳ ಸಾಲದೆ, ರಾತ್ರಿ ಡ್ಯೂಟಿಯಲ್ಲಿ ಒಬ್ಬಳೇ ಹತ್ತಾರು ಪೇಷಂಟ್ ನೋಡಿ ಸುಸ್ತಾಗಿ. ಬೀರುವಿಗೆ ಬೀಗ ಹಾಕಿದರೆ ಅದು ಸರಿಹೋಗುತ್ತದಾ?

ಇನ್ನೊಂದು ಮಾತು ಹೇಳಲೇಬೇಕು. ನಾನು ಕಂಡಂತೆ ಡಾಕ್ಟರ ಎಂಡಿ ಸರ್ಟಿಫಿಕೇಟನ್ನು ಯಾರೂ ಹೀಗೆ ಇಟ್ಟುಕೊಳ್ಳುವುದಿಲ್ಲ. ಅವರದ್ದು ನೋಡಿ, ಜೆರಾಕ್ಸ್ ತೆಗೆದು, ಎರಡೂ ಕೈಯಿಂದ ವಾಪಸ್ ಕೊಡುತ್ತೇವೆ. ಸಿಕ್ಕಿಹಾಕಿಕೊಳ್ಳುವುದು ನರ್ಸ್, ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ಹುಡುಗರ ಕಾಗದ ಮಾತ್ರ. ಪ್ರಶ್ನೆ ಕೇಳದವರ ಕಾಗದ.

ಒರಿಜಿನಲ್ ಇಟ್ಟುಕೊಂಡರೆ ರೋಗಿಗೆ ಏನಾದರೂ ಲಾಭ ಇದೆಯಾ ಅಂದರೆ ಅದೂ ಇಲ್ಲ. ಖೊಟ್ಟಿ ಸರ್ಟಿಫಿಕೇಟು ಬೀರುವಿನಲ್ಲಿ ಹತ್ತು ವರ್ಷ ಇದ್ದರೂ ಖೊಟ್ಟಿಯೇ. ನಿಜ ತಿಳಿಯುವುದು ರಿಜಿಸ್ಟ್ರೇಷನ್ ನಂಬರನ್ನು ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ಗೇ ಕಳಿಸಿ ಖಾತ್ರಿ ಮಾಡಿಸಿಕೊಂಡಾಗ. ನರ್ಸ್‌ಗಳ ರಿಜಿಸ್ಟ್ರೇಷನ್ ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಆಗಬೇಕು. ಅದಕ್ಕೆ ಆ ಅವಧಿಯಲ್ಲಿ ಕೆಲಸ ಮಾಡುತ್ತಲೇ ಪಡೆದ 150 ಗಂಟೆಗಳ ತರಬೇತಿಯ ಲೆಕ್ಕ ಬೇಕು. ಜೀವ ಉಳಿಸುವ ಬಿಎಲ್‌ಎಸ್ ತರಬೇತಿಯ ಕಾರ್ಡು ಎರಡು ವರ್ಷಕ್ಕೆ ಮುಗಿಯುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಯ ಆರೋಗ್ಯ ಸಿಬ್ಬಂದಿ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು. ಫೈಲಿನಲ್ಲಿ ನೋಡಬೇಕಾದದ್ದು ಈ ತಾರೀಖುಗಳನ್ನು. ಮಾರ್ಕ್ಸ್ ಕಾರ್ಡು ಭದ್ರವಾಗಿದೆ, ಲಸಿಕೆಯ ಪುಟ ಖಾಲಿ ಇದೆ ಅಂದರೆ ಆ ಫೈಲು ಯಾರಿಗೋಸ್ಕರ? ರೋಗಿಗೆ ಬಳಸಿದ ಸೂಜಿ ಕೈಗೆ ಚುಚ್ಚಿದ ದಿನ ಆ ಹುಡುಗಿಯ ಗತಿ ಏನು?

ಹುಡುಗಿಯ ಅಪ್ಪನ ಚಿಂತೆ ಬೇರೆಯೇ ಇತ್ತು. ಸರ್ಕಾರಿ ನೇಮಕಾತಿ ಕರೆದರೆ ಏನು ಮಾಡುವುದು? ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ಮೀಸಲಿದೆ. ಅದಕ್ಕಾಗಿ ಎಷ್ಟು ವರ್ಷ ಹೋರಾಡಿದ ನೆಲ ಇದು. ಅಷ್ಟಾಗಿ ದಾಖಲೆ ಪರಿಶೀಲನೆಯ ದಿನ ಒರಿಜಿನಲ್ ಇಲ್ಲದೆ ಹೋದರೆ ಎದುರಿಗೆ ಬಂದ ನೌಕರಿಯೇ ಹೋಯಿತು. ಕಾಲೇಜುಗಳು ವಿದ್ಯಾರ್ಥಿಗಳ ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಓದುವಾಗ ತಪ್ಪಾದದ್ದು ದುಡಿಯುವಾಗ ಸರಿ ಹೇಗಾಗುತ್ತದೆ?

"ನೀವೂ ಇಟ್ಕೋತೀರೇನ್ರಿ?" ಅಂತ ಕೇಳಿದರು. "ಇಲ್ಲ ಕಾಕಾ, ನೋಡಿ ಅಲ್ಲೇ ವಾಪಸ್" ಅಂದೆ. "ಹಂಗಂತ ಬರ್ದು ಕೊಡ್ರಿ" ಅಂದರು. ಸುಮ್ನೆ ಅಂದದ್ದಲ್ಲ, ಕೈ ಚಾಚಿ ನಿಂತಿದ್ದರು. ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಬರೆದು, ಸಹಿ ಮಾಡಿ, ಸೀಲ್ ಹಾಕಿ ಕೊಟ್ಟೆ. ಮಗಳ ಕೈಲಿ ಗಟ್ಟಿಯಾಗಿ ಓದಿಸಿ ಕೇಳಿದರು. ಈ ಕೆಲಸಕ್ಕೆ ಬಂದ ಮೇಲೆ ಹೀಗೆ ಕೇಳಿದವರು ಅವರೊಬ್ಬರೇ. ಅವರ ಮೇಲೆ ನನಗೆ ತುಂಬಾ ಗೌರವ ಬಂತು. ಎಲ್ಲ ನರ್ಸ್‌ಗಳೂ ಹೀಗೇ ಕೇಳಬೇಕು. ಯಾವ ಕಾಗದ ಕೊಟ್ಟೆ, ಯಾವ ದಿನ ಕೊಟ್ಟೆ, ಯಾವಾಗ ವಾಪಸ್ ಸಿಗುತ್ತದೆ ಅಂತ ಒಂದೊಂದನ್ನೂ ಬರೆಸಿಕೊಳ್ಳಬೇಕು.

ಕೌನ್ಸಿಲ್‌ಗೆ ಅವಳ ರಿಜಿಸ್ಟ್ರೇಷನ್ ನಂಬರ್ ಕಳಿಸಿದ್ದೇನೆ. ಸೋಮವಾರ ಅಪ್ಪ ಮಗಳು ಇಬ್ಬರೂ ಆ ಆಸ್ಪತ್ರೆಗೆ ಹೋಗುತ್ತಾರೆ. ನಮ್ಮ ಮೇಟ್ರನ್ ರಜೆ ಹಾಕಿ ತಾವೂ ಜೊತೆಗೆ ಹೊರಟಿದ್ದಾರೆ. ಆ ಮೊಬೈಲ್ ಚಿತ್ರ ನೋಡಿಕೊಂಡು ಒಂದೊಂದೇ ಸರ್ಟಿಫಿಕೇಟಿನ ಪಟ್ಟಿ ಮಾಡಿ, ಕಾರ್ಮಿಕ ಇಲಾಖೆಗೆ ಒಂದು ಅರ್ಜಿ, ಪೊಲೀಸ್ ಠಾಣೆಗೆ ಒಂದು ಅರ್ಜಿ ಬರೆದಿಟ್ಟಿದ್ದೇನೆ. ಅಲ್ಲಿ ಕೊಡುವುದಿಲ್ಲ ಅಂದರೆ ಅಂದೇ ಮಧ್ಯಾಹ್ನ ಎರಡನ್ನೂ ಕೊಟ್ಟು ಬರುತ್ತೇವೆ.