ಪೆನ್ಸಿಲ್ವೇನಿಯಾದಿಂದ ಒಂಟಾರಿಯೊಗೆ ಹಳೆ ಮಿಯಾಟಾ ತಂದ ಕಥೆ: ಹೊರಡುವವರಿಗೆ ಒಂದಷ್ಟು ಮಾತು

ದುಡ್ಡು ಉಳಿಸೋಣ ಅಂತ ಅಮೆರಿಕದಿಂದ ಕೆನಡಾಕ್ಕೆ ಕಾರು ತರಲು ಹೊರಟಿದ್ದರೆ ಮೊದಲು ಕೂತು ಲೆಕ್ಕ ಹಾಕಿ. ಉಳಿಯುವುದು ಅಷ್ಟಕ್ಕಷ್ಟೇ. ನಾನು ಹೋಗಿದ್ದು ತುಕ್ಕಿನ ಕಾಟಕ್ಕೆ. ಚಳಿಗಾಲ ಬಂತೆಂದರೆ ಹಿಮ ಕರಗಲಿ ಅಂತ ಇಲ್ಲಿ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಹತ್ತು ವರ್ಷದ ಕಾರನ್ನು ಎತ್ತಿ ಕೆಳಗೆ ನೋಡಿದರೆ ಊರಿನ ಹಳೆ ಬೋರ್‌ವೆಲ್ ಪೈಪ್ ನೆನಪಾಗುತ್ತದೆ. ಆರು ತಿಂಗಳು ಟೊರೊಂಟೊ ಸುತ್ತಮುತ್ತ ಮಾಜ್ಡಾ ಎಂಎಕ್ಸ್-5 ಹುಡುಕಿದೆ. ಎರಡೇ ಸೀಟಿನ, ಟಾಪ್ ತೆಗೆಯಬಹುದಾದ ಪುಟ್ಟ ಕಾರು. ಅದನ್ನೇ ಎಲ್ಲರೂ ಮಿಯಾಟಾ ಅನ್ನುವುದು. ಸಿಕ್ಕಿದ್ದೆಲ್ಲ ಒಂದೋ ತುಕ್ಕು, ಇಲ್ಲ ಯಾರೋ ಹುಡುಗರು ಸೈಲೆನ್ಸರ್ ಕಿತ್ತು ಹಾಳು ಮಾಡಿದ್ದು.

2022ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಹತ್ತಿರ ಒಂದು ಕಣ್ಣಿಗೆ ಬಿತ್ತು. 2011ರ ಮಾಡೆಲ್, ಕೆಂಪು, ಆರು ಗೇರಿನ ಮ್ಯಾನುಯಲ್, ಗುಂಡಿ ಒತ್ತಿದರೆ ಮಡಚಿಕೊಳ್ಳುವ ಗಟ್ಟಿ ಟಾಪ್. ಓಡಿದ್ದು 41 ಸಾವಿರ ಮೈಲಿ. ನಿವೃತ್ತ ಮೇಷ್ಟ್ರೊಬ್ಬರು ಬೇಸಿಗೆಯಲ್ಲಿ ಮಾತ್ರ ಓಡಿಸಿದ ಕಾರು. ಅಲ್ಲೂ ರಸ್ತೆಗೆ ಉಪ್ಪು ಹಾಕುತ್ತಾರೆ, ಆದರೆ ಇದು ಚಳಿಗಾಲದಲ್ಲಿ ಗ್ಯಾರೇಜ್ ಬಿಟ್ಟು ಹೊರಗೇ ಬಂದಿರಲಿಲ್ಲ. ಕೇಳಿದ್ದು 14,200 ಅಮೆರಿಕನ್ ಡಾಲರ್, ಒಪ್ಪಿದ್ದು 13,500.

ಕಾರು ನೋಡುವ ಮೊದಲು ಎರಡು ಕೆಲಸ ಮಾಡಿ. ಮೊದಲನೆಯದು ಟ್ರಾನ್ಸ್‌ಪೋರ್ಟ್ ಕೆನಡಾದ, ಅಂದರೆ ಅಲ್ಲಿನ ಸಾರಿಗೆ ಇಲಾಖೆಯ ಪಟ್ಟಿ. ಅಮೆರಿಕದ ಯಾವ ಕಂಪನಿಯ ಯಾವ ಮಾಡೆಲ್ ಒಳಗೆ ಬರಬಹುದು, ಯಾವುದು ಬರಬಾರದು, ಏನು ಬದಲಾಯಿಸಬೇಕು ಅಂತ ಅದರಲ್ಲಿ ಇರುತ್ತದೆ. ಅಲ್ಲಿ ಓಡುವ ಕಾರೆಲ್ಲ ಇಲ್ಲಿಗೆ ಬರುವುದಿಲ್ಲ. 2007ರ ಸೆಪ್ಟೆಂಬರ್ ನಂತರ ತಯಾರಾದ ಕಾರಿಗೆ ಕೆನಡಾದಲ್ಲಿ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದಂತೆ ಮಾಡುವ ಕಳ್ಳತನ ತಡೆ) ಕಡ್ಡಾಯ, ಅಮೆರಿಕದಲ್ಲಿ ಅಲ್ಲ. ಹಗಲಲ್ಲೂ ಉರಿಯುವ ಮುಂದಿನ ದೀಪದ ಕಥೆಯೂ ಹಾಗೇ. ಹದಿನೈದು ವರ್ಷ ದಾಟಿದ ಕಾರಿಗೆ ಈ ತಲೆನೋವು ಇಲ್ಲ, ಅದಕ್ಕೇ ಹಳೆ ಮಿಯಾಟಾ ಹಿಂದೆ ಬೀಳುವವರು ಜಾಸ್ತಿ.

ಎರಡನೆಯದು ಟೈಟಲ್, ಅಂದರೆ ಅಲ್ಲಿನ ಒಡೆತನದ ಪತ್ರ. ಮಾರುವವರ ಹೆಸರು, ಕಾರಿನ ವಿನ್ ನಂಬರ್ (ಒಂದೊಂದು ಕಾರಿಗೂ ಬೇರೆಯೇ ಇರುವ ಗುರುತಿನ ನಂಬರ್), ಸಾಲ ಇದೆಯಾ ಇಲ್ಲವಾ, ಎಲ್ಲ ಅದರಲ್ಲಿ ಬರುತ್ತದೆ. ನಾನು ಮೊದಲು ಆಸೆಪಟ್ಟಿದ್ದು ನ್ಯೂಜೆರ್ಸಿಯ ಒಂದು ಪೋರ್ಷೆ ಬಾಕ್ಸ್‌ಸ್ಟರ್. ಅದರ ಟೈಟಲ್ ಬ್ಯಾಂಕಿನ ಹತ್ತಿರ ಇತ್ತು. 'ದುಡ್ಡು ಹಾಕಿ, ಸಾಲ ತೀರಿಸಿ ಪೇಪರ್ ಕಳಿಸ್ತೀನಿ' ಅಂದರು. ಅಲ್ಲಿಗೇ ಕೈ ಮುಗಿದೆ. ಟೈಟಲ್ ಮೇಲೆ ಸಾಲ್ವೇಜ್, ಅಂದರೆ ಜೋರಾಗಿ ಜಖಂ ಆಗಿ ಇನ್ಶೂರೆನ್ಸ್‌ನವರು ಕೈಬಿಟ್ಟ ಕಾರು ಅಂತ ಇದ್ದರೆ, ರೇಟು ಎಷ್ಟೇ ಕಡಿಮೆ ಇರಲಿ, ಹತ್ತಿರ ಹೋಗಬೇಡಿ.

ನಮ್ಮವರಿಗೆ ಇನ್ನೊಂದು ಮಾತು. ಕೆನಡಾದ ಪಿಆರ್ (ಕಾಯಂ ವಾಸದ ಪರವಾನಗಿ) ಇದ್ದು ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಆಗಿದ್ದರೆ ಅಮೆರಿಕದ ವೀಸಾ ಬೇಕು. ಕಾರು ಸಿಕ್ಕಿದ ಮೇಲೆ ವೀಸಾಕ್ಕೆ ಹಾಕೋಣ ಅಂದರೆ ಕಾರು ನಿಮಗಾಗಿ ಕಾಯುವುದಿಲ್ಲ. ನನ್ನ ಹತ್ತಿರ ಹಳೆ ವಿಸಿಟರ್ ವೀಸಾ ಇತ್ತು, ಬಚಾವಾದೆ. ಟೊರೊಂಟೊ ಪಿಯರ್‌ಸನ್ ವಿಮಾನ ನಿಲ್ದಾಣದಲ್ಲೇ ಅಮೆರಿಕದ ಇಮಿಗ್ರೇಷನ್ ಮುಗಿಯುತ್ತದೆ. ಅಧಿಕಾರಿ 'ಯಾಕೆ ಹೋಗ್ತಿದ್ದೀರಿ' ಅಂದರು. 'ಕಾರು ಕೊಳ್ಳೋಕೆ' ಅಂದೆ. 'ಯಾವ ಕಾರು?' ಹೇಳಿದೆ. ನನ್ನ ಆರಡಿ ಎತ್ತರವನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಬಿಟ್ಟರು.

ಫಿಲಡೆಲ್ಫಿಯಾಕ್ಕೆ ವಿಮಾನ, ಅಲ್ಲಿಂದ ಆಮ್‌ಟ್ರ್ಯಾಕ್ ರೈಲು. ಲ್ಯಾಂಕಾಸ್ಟರ್‌ಗೆ ಒಂದೂಕಾಲು ಗಂಟೆ. ಆ ಕಡೆ ಕಾರು ಇಟ್ಟುಕೊಳ್ಳದ ಆಮಿಶ್ ಅನ್ನುವ ಕ್ರೈಸ್ತ ಪಂಗಡದ ಜನ ಜಾಸ್ತಿ, ಟಾರು ರಸ್ತೆಯಲ್ಲೇ ಕಪ್ಪು ಕುದುರೆಗಾಡಿ ಓಡಿಸಿಕೊಂಡು ಹೋಗುತ್ತಿರುತ್ತಾರೆ. ಮೈಸೂರಿನ ಟಾಂಗಾ ನೋಡಿ ಬೆಳೆದವನಿಗೆ ಅದರಲ್ಲಿ ವಿಶೇಷ ಅನ್ನಿಸಲಿಲ್ಲ, ಪಕ್ಕದಲ್ಲಿದ್ದ ಹುಡುಗ ಮಾತ್ರ ಫೋಟೋ ತೆಗೆದೂ ತೆಗೆದೂ ಸುಸ್ತಾದ.

ಕಾರು ನೋಡುವಾಗ ಮಾಡಿದ ಒಂದು ಪರೀಕ್ಷೆ ಹೇಳಲೇಬೇಕು, ಯಾಕೆಂದರೆ ಮಿಯಾಟಾ ಕೊಳ್ಳುವವರು ಇದನ್ನೇ ಮರೆಯುತ್ತಾರೆ. ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡೂ ಬದಿಯ ತೂತಿನಿಂದ ಇಳಿದು ಕಾರಿನ ಕೆಳಗೆ ಹೋಗಬೇಕು. ಆ ತೂತಿಗೆ ಎಲೆ, ಮಣ್ಣು ಕಟ್ಟಿದರೆ ನೀರು ಒಳಗೇ ನಿಂತು ಬಾಗಿಲ ಕೆಳಗಿನ ಪಟ್ಟಿ ಒಳಗಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಫಳಫಳ ಅನ್ನುತ್ತಿರುತ್ತದೆ. ನಾನು ಮೇಷ್ಟ್ರ ಹತ್ತಿರ ಒಂದು ಲೋಟ ನೀರು ಕೇಳಿದೆ. ಕುಡಿಯೋಕೆ ಅಂದುಕೊಂಡು ಐಸ್ ಹಾಕಿ ತಂದರು. ಐಸ್ ತೆಗೆದು ಹಾಕಿ, ಬಲಗಡೆ ತೂತಿಗೆ ನಿಧಾನವಾಗಿ ಸುರಿದು, ನೆಲಕ್ಕೆ ಮಲಗಿ ನೋಡಿದೆ. ಹಿಂದಿನ ಚಕ್ರದ ಮುಂದೆ ತೊಟತೊಟ ಬಂತು. ಎಡಗಡೆ ಬರಲಿಲ್ಲ. ಸೈಕಲ್ ಬ್ರೇಕ್ ಕೇಬಲ್ಲಿನ ತುಂಡು ಒಳಗೆ ಬಿಟ್ಟು ತಿರುವಿದ ಮೇಲೆ ಕಪ್ಪು ರಾಡಿ ಭುಸ್ ಅಂತ ಇಳಿಯಿತು. ಕಾರ್ಪೆಟ್ ಎತ್ತಿ ಬೆರಳಿಂದ ಒತ್ತಿ ನೋಡಿದೆ, ಒಣಗಿತ್ತು. ರೇಟಿನಲ್ಲಿ 700 ಡಾಲರ್ ಇಳಿದಿದ್ದು ಆ ಎಡಗಡೆ ತೂತಿನಿಂದ.

ದುಡ್ಡನ್ನು ನಗದಾಗಿ ಒಯ್ಯಬೇಡಿ. ಹತ್ತು ಸಾವಿರ ಡಾಲರ್‌ಗಿಂತ ಹೆಚ್ಚಿದ್ದರೆ ಗಡಿಯಲ್ಲಿ ಘೋಷಿಸಬೇಕು, ಅದು ಅಪರಾಧವಲ್ಲ, ಆದರೆ ಸುಮ್ನೆ ಯಾಕೆ? ನಾನು ಸೋಮವಾರ ಬ್ಯಾಂಕಿನಿಂದ ಬ್ಯಾಂಕಿಗೆ ವೈರ್ ಮಾಡಿದೆ. ಮಂಗಳವಾರ ಬೆಳಿಗ್ಗೆ ಅಲ್ಲಿನ ಒಂದು 'ಟ್ಯಾಗ್ ಅಂಡ್ ನೋಟರಿ' ಅಂಗಡಿಯಲ್ಲಿ ಇಬ್ಬರೂ ಕೂತೆವು. ಪೆನ್ಸಿಲ್ವೇನಿಯಾದಲ್ಲಿ ಮಾರುವವರ ಸಹಿ ನೋಟರಿ ಮುಂದೆಯೇ ಆಗಬೇಕು. ಮೇಷ್ಟ್ರು ಬ್ಯಾಂಕಿಗೆ ಫೋನ್ ಮಾಡಿ ದುಡ್ಡು ಬಂದಿದೆ ಅಂತ ಖಾತ್ರಿ ಮಾಡಿಕೊಂಡರು, ಕನ್ನಡಕ ಹಾಕಿಕೊಂಡು ಸಹಿ ಹಾಕಿದರು. ರಸ್ತೆಗಿಳಿಯಲು ಬೇಕಾದ ತಾತ್ಕಾಲಿಕ ಪ್ಲೇಟನ್ನೂ ಅದೇ ಅಂಗಡಿಯಲ್ಲಿ ಮಾಡಿಸಿದೆ. ಇದಕ್ಕೆ ಇನ್ಶೂರೆನ್ಸ್ ಮೊದಲೇ ಬೇಕು, ವಿನ್ ನಂಬರ್ ಕೊಟ್ಟು ಒಂಟಾರಿಯೊದಿಂದಲೇ ಮಾಡಿಸಿಟ್ಟುಕೊಂಡಿದ್ದೆ. ಪ್ಲೇಟಿನ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಟಿಕೆಟ್ ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿ.

ಇನ್ನು ನಾನು ಎಡವಿದ ಜಾಗ. ಅಮೆರಿಕದಿಂದ ಹಳೆ ಕಾರು ಹೊರಗೆ ಒಯ್ಯಬೇಕಾದರೆ ಅಮೆರಿಕದವರಿಗೇ ಮೊದಲು ಹೇಳಬೇಕು. ತುಂಬಾ ಜನ ಕೆನಡಾದ ಕಸ್ಟಮ್ಸ್ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳುತ್ತಾರೆ. ರಫ್ತಿನ ವಿವರ ಆನ್‌ಲೈನ್‌ನಲ್ಲಿ ಸಲ್ಲಿಸಿ ಐಟಿಎನ್ ಅನ್ನುವ ನಂಬರ್ ಪಡೆಯಬೇಕು. ಎಕ್ಸ್ ಅಕ್ಷರ, ಅದರ ಮುಂದೆ ವರ್ಷ, ತಿಂಗಳು, ದಿನ, ಆಮೇಲೆ ಆರು ಅಂಕಿ. ಅಮೆರಿಕದ ತೆರಿಗೆ ನಂಬರ್ ಇಲ್ಲದ ನಮ್ಮಂಥವರು ಏಜೆಂಟ್ ಹಿಡಿಯಬೇಕು, ನನಗೆ 150 ಡಾಲರ್ ಆಯಿತು. ಆಮೇಲೆ ನೀವು ದಾಟುವ ಗಡಿ ಸೇತುವೆಯ ಅಮೆರಿಕನ್ ಕಸ್ಟಮ್ಸ್‌ಗೆ ಟೈಟಲ್ಲಿನ ಎರಡೂ ಬದಿಯ ನಕಲು, ದಾಟುವ 72 ಗಂಟೆ ಮೊದಲೇ ತಲುಪಿರಬೇಕು. ದಾಟುವ ದಿನ ಕಾರು ಮತ್ತು ಅಸಲಿ ಟೈಟಲ್ ಎರಡನ್ನೂ ಅವರ ಮುಂದೆ ಇಟ್ಟು ಮುದ್ರೆ ಹಾಕಿಸಿಕೊಳ್ಳಬೇಕು. ಇದನ್ನು ಬಿಟ್ಟು ಸುಮ್ನೆ ದಾಟಿಬಿಟ್ಟರೆ ದಂಡದ ಭಯ ಇದ್ದದ್ದೇ.

ಮಂಗಳವಾರ ಹನ್ನೊಂದು ಗಂಟೆಗೆ ಕಾಗದ ಹೋಯಿತು. ಶುಕ್ರವಾರ ಹನ್ನೊಂದಕ್ಕೆ 72 ಗಂಟೆ. ನಡುವಿನ ಮೂರು ದಿನ ಹ್ಯಾರಿಸ್‌ಬರ್ಗ್‌ನಲ್ಲಿ ಹಾಸನದ ಗೆಳೆಯನ ಮನೆಯಲ್ಲಿ ಇದ್ದೆ. ಅವನ ಹೆಂಡತಿ ದಿನಾ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟಿ ಹಾಕಿದರು, ನನಗೇನೂ ಅವಸರ ಆಗಲಿಲ್ಲ. ಶುಕ್ರವಾರ ಹತ್ತು ಗಂಟೆಗೆ ಹೊರಟೆ. ಯುಎಸ್ 15 ಹೆದ್ದಾರಿ ಸಸ್ಕ್ವೆಹಾನಾ ನದಿಯ ಪಕ್ಕದಲ್ಲೇ ಉತ್ತರಕ್ಕೆ ಹೋಗುತ್ತದೆ. ಟಾಪ್ ತೆಗೆದು, ನಾಲ್ಕನೇ ಗೇರಿನಲ್ಲಿ, ಒಂದು ಕಡೆ ನದಿ, ಇನ್ನೊಂದು ಕಡೆ ಗುಡ್ಡ. ವಿಲಿಯಮ್ಸ್‌ಪೋರ್ಟ್‌ನಲ್ಲಿ ಊಟ, ಕಾರ್ನಿಂಗ್‌ನಲ್ಲಿ ಕಾಫಿ, ನಡುವೆ ಎಲ್ಲಿ ಚೆಂದ ಕಂಡಿತೋ ಅಲ್ಲೆಲ್ಲ ನಿಲ್ಲಿಸಿದೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದರೆ, ಊರಲ್ಲಿ ನಡುರಾತ್ರಿ ಆಗಿದ್ದರೂ ಎದ್ದು ನೋಡಿ, 'ಎರಡೇ ಸೀಟಾ? ಇಷ್ಟು ದುಡ್ಡಿಗೆ?' ಅಂದರು.

ಬಫಲೋದ ಪೀಸ್ ಬ್ರಿಡ್ಜ್ ತಲುಪಿದಾಗ ಐದೂವರೆ. ಸೇತುವೆ 24 ಗಂಟೆಯೂ ತೆರೆದಿರುತ್ತದೆ. ಕಾರು ರಫ್ತಿನ ಕೌಂಟರ್ ಮಾತ್ರ ಆಫೀಸ್ ಟೈಮಿನಲ್ಲಿ! ಮತ್ತೆ ತೆಗೆಯುವುದು ಸೋಮವಾರ. ಇದು ಯಾರ ತಪ್ಪೂ ಅಲ್ಲ, ಟೈಮ್ ನೋಡಿಕೊಳ್ಳದ ನನ್ನದೇ. ಮೂರು ರಾತ್ರಿ ಮೋಟೆಲ್, 290 ಡಾಲರ್. ನಯಾಗರಾವನ್ನು ಅಮೆರಿಕದ ಕಡೆಯಿಂದ ನೋಡುವುದಕ್ಕೆ ಯಾರೂ ಇಷ್ಟು ಕೊಟ್ಟಿರಲಿಕ್ಕಿಲ್ಲ. ನೀವು ಹೋಗುವುದಾದರೆ ಶುಕ್ರವಾರ ಇಟ್ಟುಕೊಳ್ಳಲೇಬೇಡಿ, ಆಯಾ ಸೇತುವೆಯ ಕೌಂಟರಿನ ಸಮಯ ಬರೆದಿಟ್ಟುಕೊಳ್ಳಿ.

ಸೋಮವಾರ ಮುದ್ರೆ ಬೀಳಲು ಇಪ್ಪತ್ತು ನಿಮಿಷ. ಸೇತುವೆ ದಾಟಿ ಫೋರ್ಟ್ ಈರಿಯಲ್ಲಿ ಕೆನಡಾ ಕಸ್ಟಮ್ಸ್. ಇಲ್ಲಿ ಎಲ್ಲವೂ ಆ ದಿನದ ವಿನಿಮಯ ದರದ ಮೇಲೆ. 13,500 ಅಮೆರಿಕನ್ ಡಾಲರ್ 1.30ರ ಲೆಕ್ಕದಲ್ಲಿ 17,550 ಕೆನಡಾ ಡಾಲರ್. ವಿನ್ ನಂಬರಿನ ಮೊದಲ ಅಕ್ಷರ ನೋಡಿ, ನನ್ನದು ಜೆ, ಅಂದರೆ ಜಪಾನ್. ಮಿಯಾಟಾ ತಯಾರಾಗುವುದು ಹಿರೋಶಿಮಾದಲ್ಲಿ. ಅಮೆರಿಕದಲ್ಲಿ ಕೊಂಡಿದ್ದರೂ ಶೇ 6.1 ಸುಂಕ ಬಿತ್ತು, 1,070 ಡಾಲರ್ ಚಿಲ್ಲರೆ. ಎಸಿ ಇದೆ ಅಂತ 100 ಡಾಲರ್. ಇದೆಲ್ಲ ಸೇರಿಸಿ ಅದರ ಮೇಲೆ ಶೇ 5 ಜಿಎಸ್‌ಟಿ, 936. ಒಟ್ಟು 2,107. ಕೆಂಟಕಿಯಲ್ಲಿ ತಯಾರಾಗುವ ಕಾರ್ವೆಟ್ ತಂದಿದ್ದರೆ ಆಗ ಆ ಶೇ 6.1 ಇರುತ್ತಿರಲಿಲ್ಲ. ಈಗ ಹಾಗೆ ಅಂದುಕೊಂಡು ಹೊರಡಬೇಡಿ. 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳ ಮೇಲೆ ಕೆನಡಾ ಶೇ 25ರ ಹೆಚ್ಚುವರಿ ಸುಂಕ ತಂದಿತು. ಮುಂಗಡ ಕೊಡುವ ಮೊದಲು ಕಸ್ಟಮ್ಸ್‌ಗೇ ಫೋನ್ ಮಾಡಿ ನಿಮ್ಮ ಕಾರಿಗೆ ಎಷ್ಟು ಅಂತ ಕೇಳಿಕೊಳ್ಳಿ.

ಪರಿಚಯದ ಅಂಕಲ್ ಒಬ್ಬರು 'ಬಿಲ್‌ನಲ್ಲಿ ಎಂಟು ಸಾವಿರ ಅಂತ ಬರೆಸ್ಕೊಂಡು ಬಾ ಮಾರಾಯ' ಅಂದಿದ್ದರು. ಬೇಡ. ಕೌಂಟರಿನಲ್ಲಿ ಅಧಿಕಾರಿ ಬಿಲ್ ನೋಡಿದರು, ಜಾಹೀರಾತಿನ ಪ್ರತಿ ಕೇಳಿದರು, ವೈರ್ ಮಾಡಿದ ರಸೀದಿಯನ್ನೂ ಕೇಳಿದರು. ಮೂರರಲ್ಲೂ ಲೆಕ್ಕ ಹೊಂದುತ್ತಿದ್ದುದರಿಂದ ಹದಿನೈದೇ ನಿಮಿಷಕ್ಕೆ ಫಾರ್ಮ್ 1, ಅಂದರೆ ಕಾರು ಆಮದಿನ ಪತ್ರ, ಕೈಗೆ ಬಂತು.

ಅಲ್ಲಿಂದ ಮುಂದೆ, ಹೊರಗಿಂದ ತಂದ ಕಾರು ಕೆನಡಾದ ನಿಯಮಕ್ಕೆ ಹೊಂದುತ್ತದಾ ಅಂತ ನೋಡುವ ಆರ್‌ಐವಿ ಅನ್ನುವ ವ್ಯವಸ್ಥೆ. ಮುನ್ನೂರು ಚಿಲ್ಲರೆ ಡಾಲರ್ ಫೀಸು. ಕಾರಿನ ಮೇಲೆ ಬಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಯುವುದು) ಇಲ್ಲ ಅನ್ನುವ ಪತ್ರ ಕಳಿಸಬೇಕು. ಅದನ್ನು ಅಮೆರಿಕದಲ್ಲಿರುವಾಗಲೇ ತೆಗೆದುಕೊಂಡಿದ್ದು ಒಳ್ಳೆಯದಾಯಿತು. ಆಮೇಲೆ 45 ದಿನದೊಳಗೆ ಕೆನಡಿಯನ್ ಟೈರ್ ಅನ್ನುವ ಅಂಗಡಿಯ ಗ್ಯಾರೇಜಿನಲ್ಲಿ ತಪಾಸಣೆ. ನನ್ನ ಕಾರಿಗೆ ಹಗಲು ದೀಪ ಇರಲಿಲ್ಲ. ಗ್ಯಾರೇಜಿನವರು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮಾಡ್ಯೂಲ್ ಒಂದನ್ನು ವೈರಿಗೆ ಸೇರಿಸಿದರು, 180 ಡಾಲರ್. ಈ ತಪಾಸಣೆ ಮುಗಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಬ್ರೇಕು, ಟೈರು ನೋಡುವ ಒಂಟಾರಿಯೊದ ಸೇಫ್ಟಿ ಸರ್ಟಿಫಿಕೇಟ್ ಬೇರೆ. ಕಾರು ನೋಂದಾಯಿಸುವ ಸರ್ಕಾರಿ ಕಚೇರಿ ಸರ್ವಿಸ್ ಒಂಟಾರಿಯೊದ ಕೌಂಟರಿನಲ್ಲಿ ಪ್ರಾಂತ್ಯದ ಪಾಲಿನ ತೆರಿಗೆ ಶೇ 8 ಬೇರೆ, ಅದು ಸುಮಾರು 1,400. ಮನೆಯಲ್ಲಿ ಇದನ್ನು ಮಾತ್ರ ಮೊದಲೇ ಹೇಳಿರಲಿಲ್ಲ.

ವಿಮಾನ, ಮೋಟೆಲ್, ಏಜೆಂಟ್ ಎಲ್ಲ ಸೇರಿ 22,500 ಹತ್ತಿರ ಹೋಯಿತು. ಅದೇ ದುಡ್ಡಿಗೆ ಇಲ್ಲೇ ಇದಕ್ಕಿಂತ ಹೊಸ ಮಾಡೆಲ್ ಸಿಗುತ್ತಿತ್ತು. ಸೇಫ್ಟಿ ಮಾಡಿದ ಮೆಕ್ಯಾನಿಕ್ ಕಾರನ್ನು ಲಿಫ್ಟಿನ ಮೇಲೆ ಎತ್ತಿದಾಗ ನಾನೂ ಕೆಳಗೆ ಹೋಗಿ ನಿಂತಿದ್ದೆ. ಟಾರ್ಚ್ ಬಿಟ್ಟು ಈ ತುದಿಯಿಂದ ಆ ತುದಿಗೆ ನೋಡಿದ ಅವನು, ಪಕ್ಕದ ಬೇಯಲ್ಲಿದ್ದವನನ್ನೂ ಕರೆದು ತೋರಿಸಿದ.

ನವೆಂಬರ್‌ನಲ್ಲಿ ಉಪ್ಪಿನ ಲಾರಿಗಳು ಓಡಾಡಲು ಶುರುವಾದವು. ಕಾರಿಗೆ ಹೊದಿಕೆ ಹಾಕಿ, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ಗ್ಯಾರೇಜ್ ಬಾಗಿಲು ಎಳೆದೆ. ಏಪ್ರಿಲ್‌ವರೆಗೆ ಆಫೀಸಿಗೆ ಬಸ್ಸೇ.